ಮೊದಲು ಉಡುವವಳು

ಅಮರಗೋಳ
೧೪ ಜುಲೈ ೨೦೨೪, ಭಾನುವಾರ

ಮಯೂರಿಗೆ,

ನಿನ್ನ ಅಪ್ಪ ಹನ್ನೊಂದರ ಹೊತ್ತಿಗೆ ಧಾರವಾಡಕ್ಕೆ ಹೊರಡುತ್ತಾರೆ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಇವೆ. ರೊಟ್ಟಿ ಸುತ್ತಿದ ಬಟ್ಟೆಯ ಕೆಳಗೆ ಈ ಪತ್ರ ಇಡುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯಿತೇ’ ಎಂಬುದನ್ನು ದಾಟುವುದಿಲ್ಲ. ಬರೆದರೆ ದಾಟಬಹುದು ಎಂದು ಒಂದು ಪ್ರಯತ್ನ.

ಕಾರಣ ನಿನ್ನ ಲೇಖನ. ನಮ್ಮ ಮಾರುಕಟ್ಟೆ ಆಫೀಸಿಗೆ ನೀನು ಸಿನಿಮಾ ಅಂಕಣ ಬರೆಯುವ ವಾರಪತ್ರಿಕೆ ಬರುತ್ತದೆ. ಒಣಮೆಣಸಿನಕಾಯಿಯ ದರ ನೋಡಿದ ಮೇಲೆ ಯಾರೂ ಮುಂದಿನ ಪುಟ ತಿರುವುವುದಿಲ್ಲ. ನಾನು ತಿರುವುತ್ತೇನೆ. ‘ಕೊಟ್ಟಿಗೆಯ ಕನ್ನಡಿ’ ಎಂಬ ದೆವ್ವದ ಸಿನಿಮಾದಲ್ಲಿ ಎರಡನೆಯ ಹೆಂಡತಿಯ ಪಾತ್ರ ದುರ್ಬಲ ಎಂದು ಬರೆದಿದ್ದೀ. ಸಿನಿಮಾ ನೋಡಿದೆ. ನನ್ನ ಅಭಿಪ್ರಾಯ ಬೇರೆ.

ದೆವ್ವದ ಸಿನಿಮಾದಲ್ಲಿ ಎರಡನೆಯ ಹೆಂಡತಿ ಹೊಸ್ತಿಲು ದಾಟಿದ ಕೂಡಲೇ ನನಗೆ ಕಥೆ ತಿಳಿಯುತ್ತದೆ. ಮೊದಲನೆಯವಳನ್ನು ಇವಳೇ ಕೊಂದಿರುತ್ತಾಳೆ, ಇಲ್ಲವೇ ಮೊದಲನೆಯವಳ ಕೈಯಲ್ಲಿ ಸಾಯುತ್ತಾಳೆ. ಬೇರೆ ಕೆಲಸವನ್ನು ಅವಳಿಗೆ ಯಾವ ನಿರ್ದೇಶಕನೂ ಕೊಟ್ಟಿಲ್ಲ. ಬೆಳಿಗ್ಗೆ ಎದ್ದು ಇನ್ನೊಬ್ಬಳ ಮಗುವಿಗೆ ಜಡೆ ಹಾಕುವುದು, ಆ ಮಗು ಕತ್ತು ಬಿಗಿಹಿಡಿದು ಕೂರುವುದು, ಇದರಲ್ಲಿ ಭಯ ಇಲ್ಲವೆಂದು ಅವರು ತಿಳಿದಿರಬೇಕು. ಇದೆ. ನೀನು ಹತ್ತು ವರ್ಷದವಳಿದ್ದಾಗ ನಾನು ಈ ಮನೆಗೆ ಎರಡನೆಯವಳಾಗಿ ಬಂದವಳು, ಆದ್ದರಿಂದ ಇಷ್ಟು ಹೇಳುವ ಅಧಿಕಾರ ನನಗೆ ಇದೆ ಎಂದುಕೊಂಡಿದ್ದೇನೆ.

‘ಪತ್ರ ಯಾಕ, ನಾ ಬಾಯಿಲೇ ಹೇಳ್ತೇನಿ ತಗೋ’ ಎಂದರು ನಿನ್ನ ಅಪ್ಪ. ನೀವು ಹೇಳಿದರೆ ಧಾರವಾಡ ಮುಟ್ಟುವುದರೊಳಗೆ ದೆವ್ವ ಹೋಗಿ ರೈಲು ಬೋಗಿಯ ಕಥೆಯಾಗುತ್ತದೆ ಎಂದೆ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುವವರಿಗೆ ಕೋಪ ಬರಲಿಲ್ಲ.

ಕಳೆದ ದೀಪಾವಳಿಯಿಂದ ನೀನು ಮನೆಗೆ ಬಂದಿಲ್ಲ. ಅರ್ಧ ಗಂಟೆಯ ದಾರಿ. ಕಾರಣ ಕೇಳುವುದಿಲ್ಲವೆಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಕೇಳುತ್ತಿಲ್ಲ. ಬಂದರೆ ನನಗೆ ಸಂತೋಷ ಎಂದು ಮಾತ್ರ ಬರೆಯುತ್ತಿದ್ದೇನೆ.

ಡಬ್ಬಿ ಮರಳಿ ಕಳಿಸು.
ಕರುಣಾ


ಸಪ್ತಾಪುರ, ಧಾರವಾಡ
೨೧ ಜುಲೈ ೨೦೨೪

ಚಿಗವ್ವಗೆ,

ನನ್ನ ಅಂಕಣಕ್ಕೆ ಬಂದ ಮೊದಲ ಓದುಗರ ಪತ್ರ ರೊಟ್ಟಿಯ ಕೆಳಗೆ ಸಿಕ್ಕಿತು. ಎಣ್ಣೆ ತಾಗಿದೆ, ಅಕ್ಷರಗಳು ಉಳಿದಿವೆ. ಕೋಣೆಯಲ್ಲಿ ನನ್ನ ಜೊತೆಗಿರುವ ಋತುಜಾ ಓದಿ, ‘ನಿಮ್ಮ ಚಿಗವ್ವ ನಿನಗಿಂತ ಛಲೋ ಬರೀತಾರಲ್ಲ. ಕಾಲಂ ಅವರಿಗೆ ಕೊಡಸು, ನೀ ರೊಟ್ಟಿ ಬಡಿಯೋದ ಕಲಿ’ ಎಂದಳು. ಪಲ್ಯದಲ್ಲಿ ಅರ್ಧ ಅವಳೇ ತಿಂದಳು.

‘ದುರ್ಬಲ’ ಎಂದದ್ದು ಆ ಹೆಂಗಸನ್ನಲ್ಲ, ಅವಳನ್ನು ಬರೆದವರನ್ನು. ಆದರೆ ನಿಮ್ಮ ವಾದ ನಾನು ಒಪ್ಪುವುದಿಲ್ಲ. ದೆವ್ವದ ಸಿನಿಮಾ ನ್ಯಾಯ ಹೇಳಬೇಕಿಲ್ಲ. ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು ಎಂದು ಗೊತ್ತಿದ್ದರೆ ಸಾಕು. ನಿಮಗೆ ಹಿಡಿಸುವ ವಿಜ್ಞಾನ ಕಾದಂಬರಿಗಳಲ್ಲಿ ಎಲ್ಲದಕ್ಕೂ ಒಂದು ಕಾರಣ ಸಿಗುತ್ತದೆ. ಕಾರಣ ಸಿಕ್ಕ ಮೇಲೆ ಅದರೊಳಗಿನ ಜನ ಅಳುವುದನ್ನು ನಿಲ್ಲಿಸಿ ಯಂತ್ರ ರಿಪೇರಿಗೆ ಹೋಗುತ್ತಾರೆ. ಅಪ್ಪನಂತೆ. ನನಗೆ ಅದು ಸಾಲುವುದಿಲ್ಲ.

ಒಂದು ಸಂದೇಹ. ನೀವು ದೆವ್ವದ ಸಿನಿಮಾ ನೋಡಿದ್ದು ಹೇಗೆ? ನಾನು ಸಣ್ಣವಳಿದ್ದಾಗ ಟಿವಿಯಲ್ಲಿ ಇಂಥದ್ದು ಬಂದರೆ ನೀವು ಬಟಾಣಿ ಸುಲಿಯಲು ಮೊರ ತಂದುಕೊಂಡು ನನ್ನ ಪಕ್ಕ ಕೂರುತ್ತಿದ್ದಿರಿ. ಸಿನಿಮಾ ಮುಗಿಯುವ ತನಕ ಮೊರ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಬಟಾಣಿ ಖಾಲಿಯಾದರೆ ಸಿಪ್ಪೆಯನ್ನೇ ಮತ್ತೆ ಸುಲಿಯುತ್ತಿದ್ದಿರಿ.

ಬರುವ ವಿಷಯ: ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿದೆ.

ಡಬ್ಬಿ ತೊಳೆದಿದ್ದೇನೆ.
ಮಯೂರಿ


ಅಮರಗೋಳ
೧೧ ಆಗಸ್ಟ್ ೨೦೨೪

ಮಯೂರಿಗೆ,

ನೋಡಿದ್ದು ಫೋನಿನಲ್ಲಿ, ಶಬ್ದ ಪೂರ್ತಿ ತೆಗೆದು. ಇದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಶಬ್ದವಿಲ್ಲದ ದೆವ್ವದ ಸಿನಿಮಾದಲ್ಲಿ ಜನ ಕಳೆದುಹೋದ ಚಷ್ಮಾ ಹುಡುಕುತ್ತ ಮನೆತುಂಬ ಓಡಾಡುತ್ತಿರುವಂತೆ ಕಾಣುತ್ತದೆ. ಆಗ ಯಾರಿಗೆ ಅಭಿನಯ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ತಿಳಿಯುತ್ತದೆ. ‘ಕೊಟ್ಟಿಗೆಯ ಕನ್ನಡಿ’ಯಲ್ಲಿ ಎಮ್ಮೆಯೊಂದಕ್ಕೇ ಬರುತ್ತದೆ.

ಇದರೊಂದಿಗೆ ಒಂದು ಪುಸ್ತಕ ಕಳಿಸಿದ್ದೇನೆ, ‘ತಡವಾದ ಬೆಳಕು’. ಯಾವುದೋ ದೂರದ ಭಾಷೆಯಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಎರಡು ಸಲ ಸೋಸಿದರೂ ರುಚಿ ಉಳಿದಿದೆ. ಆಕಾಶನೌಕೆಯಲ್ಲಿ ಹೋದವರ ಸಂದೇಶಗಳು ಭೂಮಿಗೆ ಬರುವಷ್ಟರಲ್ಲಿ ದಶಕಗಳು ಕಳೆದಿರುತ್ತವೆ. ಅವನ್ನು ಅವರವರ ಮನೆಯವರಿಗೆ ಓದಿ ಹೇಳುವುದು ಒಬ್ಬ ಗುಮಾಸ್ತೆಯ ಕೆಲಸ. ಮನೆಯವರು ಬರುವುದನ್ನು ಬಿಟ್ಟ ಮೇಲೂ ಅವಳು ಓದುತ್ತಾಳೆ, ಏಕೆಂದರೆ ನಿಯಮ ಹಾಗಿದೆ. ಮೊದಲ ಅರ್ಧ ಬಹಳ ಒಳ್ಳೆಯದು. ಆಮೇಲೆ ಯುದ್ಧ ಬರುತ್ತದೆ. ಯುದ್ಧ ಬಂದ ಕೂಡಲೇ ಲೇಖಕರು ಸೋಮಾರಿಗಳಾಗುತ್ತಾರೆ, ಇದು ನನ್ನ ಅನುಭವ.

ಇನ್ನೊಂದು ಅನುವಾದ ನಿನಗೆ ಹಿಡಿಸುವ ಬಗೆಯದು, ಹಿಮದ ನಾಡಿನ ದೆವ್ವದ ಕಥೆಗಳು. ಅತ್ತೆಗೆ ಕಣ್ಣು ಮಂಜಾಗಿದೆಯಲ್ಲ, ಮಧ್ಯಾಹ್ನ ಓದಿ ಹೇಳುತ್ತೇನೆ. ಒಂದರಲ್ಲಿ ದೆವ್ವ ಬಾಗಿಲಲ್ಲಿ ನಿಂತು, ‘ದಯವಿಟ್ಟು ಒಳಗೆ ಬನ್ನಿ, ನಿಮಗಾಗಿಯೇ ನಿರೀಕ್ಷಿಸುತ್ತಿದ್ದೆ’ ಎನ್ನುತ್ತದೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ‘ಇದು ದೆವ್ವನೋ ಬ್ಯಾಂಕಿನ ಮ್ಯಾನೇಜರನೋ?’ ಎಂದರು. ‘ನಮ್ಮ ಕಡೀದಾದ್ರ, ಬಾರ ಯವ್ವಾ, ಯಾಕ ಅಲ್ಲೇ ನಿಂತಿ, ಅಂತಿತ್ತು. ಹಂಗಂದ್ರ ಯಾರರ ಒಳಗ ಹೊಕ್ಕಾರ.’ ಭಯದ ಕಥೆಯನ್ನು ಅನುವಾದಿಸುವ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ಒಂದು ಪ್ರಶ್ನೆ, ಬಹಳ ದಿನದಿಂದ ಇದ್ದದ್ದು. ಆ ಸಿನಿಮಾಗಳನ್ನು ನೋಡುವಾಗ ನೀನು ಒಮ್ಮೆಯೂ ಹೆದರಲಿಲ್ಲ. ಓಣಿಯ ಮಕ್ಕಳೆಲ್ಲ ಕಣ್ಣು ಮುಚ್ಚಿದರೆ ನೀನು ಟಿವಿಯ ಹತ್ತಿರ ಸರಿಯುತ್ತಿದ್ದೆ. ಯಾಕೆ?

ಕರುಣಾ


ಸಪ್ತಾಪುರ
೧ ಸೆಪ್ಟೆಂಬರ್ ೨೦೨೪

ಚಿಗವ್ವಗೆ,

ಪುಸ್ತಕ ಓದುತ್ತಿದ್ದೇನೆ. ಯುದ್ಧದ ತನಕ ಇನ್ನೂ ಬಂದಿಲ್ಲ. ಅಜ್ಜಿಯ ಮಾತನ್ನು ಅಂಕಣದಲ್ಲಿ ಬಳಸಿಕೊಂಡೆ, ‘ಅಮರಗೋಳದ ಹಿರಿಯ ವಿಮರ್ಶಕಿಯೊಬ್ಬರು’ ಎಂದು. ಓದಿ ಹೇಳಿರಿ. ಹೆಸರು ಹಾಕಲಿಲ್ಲ ಎಂದು ಬೈಯಬಹುದು.

ನೀವು ಕೇಳಿದ್ದಕ್ಕೆ ಉತ್ತರ ಬರೆದು ಒಂದು ವಾರ ದಿಂಬಿನ ಕೆಳಗೆ ಇಟ್ಟಿದ್ದೆ. ಇವತ್ತು ಕಳಿಸುತ್ತಿದ್ದೇನೆ.

ನಾನು ಹೆದರುತ್ತಿರಲಿಲ್ಲ, ಕಾಯುತ್ತಿದ್ದೆ. ಅವ್ವ ಸತ್ತಾಗ ನನಗೆ ಎಂಟು ವರ್ಷ. ಎಲ್ಲರೂ ‘ಇನ್ನ ಬರೂದಿಲ್ಲ’ ಎಂದರು. ಸಿನಿಮಾದಲ್ಲಿ ಮಾತ್ರ ಸತ್ತವರು ಬರುತ್ತಿದ್ದರು. ಬೆಳ್ಳಗಿನ ಸೀರೆ, ಬಿಚ್ಚಿದ ಕೂದಲು, ಅದೆಲ್ಲ ನನಗೆ ಲೆಕ್ಕಕ್ಕಿರಲಿಲ್ಲ. ಬಂದರಲ್ಲ, ಅಷ್ಟು ಸಾಕಿತ್ತು. ಪ್ರತಿ ಸಿನಿಮಾದಲ್ಲಿ ಅವರು ಹೇಗೆ ಬಂದರು ಎಂದು ಗಮನವಿಟ್ಟು ನೋಡುತ್ತಿದ್ದೆ. ಕೊನೆಯಲ್ಲಿ ಯಾರೋ ಮಂತ್ರ ಹೇಳಿ ಓಡಿಸಿದಾಗ ಉಳಿದ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ನನಗೆ ಆ ಮಂತ್ರದವನ ಮೇಲೆ ಸಿಟ್ಟು. ಈಗಲೂ ವಿಮರ್ಶೆಯಲ್ಲಿ ಅವನಿಗೆ ಅಂಕ ಕೊಡುವುದಿಲ್ಲ.

ಇದನ್ನು ಅಪ್ಪನಿಗೆ ಹೇಳಬೇಡಿ.

ಮಯೂರಿ


ಅಮರಗೋಳ
೨೯ ಸೆಪ್ಟೆಂಬರ್ ೨೦೨೪

ಮಯೂರಿಗೆ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ. ‘ನೀವಿಬ್ರೂ ಸೇರಿ ನನ್ನ ಪೋಸ್ಟಮನ್ ಮಾಡಿದ್ರಿ, ಈಗ ಟಪಾಲೂ ಬಂದ ಮಾಡಿದ್ರಿ’ ಎಂದು ನಿನ್ನ ಅಪ್ಪ ಬರಿಗೈಯಲ್ಲಿ ಹೊರಡುವಾಗ ಗೊಣಗುತ್ತಿದ್ದರು. ಅವರಿಗೆ ಏನೂ ಹೇಳಿಲ್ಲ.

ನೀನು ಹೆದರಬಹುದೆಂದು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ತಪ್ಪು ಕಾರಣಕ್ಕೆ ಕೂತಿದ್ದೆ ಎಂದು ಈಗ ತಿಳಿಯಿತು. ಆದರೂ ಕೂತಿದ್ದೆನಲ್ಲ ಎಂದುಕೊಳ್ಳುತ್ತೇನೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಇನ್ನೊಂದು ವಿಷಯ, ಗಾಬರಿಯಾಗಬೇಡ. ನನ್ನ ಕೊರಳಲ್ಲಿ ಒಂದು ಗಂಟು ಇದೆ, ಥೈರಾಯ್ಡಿನದು. ಕೆಟ್ಟದ್ದಲ್ಲ ಎಂದೇ ಡಾಕ್ಟರ ಅಂದಾಜು, ಆದರೆ ತೆಗೆಯಬೇಕು. ನವೆಂಬರ್ ಹದಿನಾಲ್ಕು, ಗುರುವಾರ. ‘ಅವತ್ತ ಕೊರಳಾಗ ಏನೂ ಇರಬಾರದ್ರಿ, ದಾರಾ ಸೈತ’ ಎಂದರು. ಮನೆಯಲ್ಲಿ ಅದೇ ದೊಡ್ಡ ಸುದ್ದಿಯಾಯಿತು.

ನನ್ನ ಕೊರಳಲ್ಲಿ ತಾಳಿಯ ಜೊತೆ ಕರಿದಾರದಲ್ಲಿ ಒಂದು ಬೆಳ್ಳಿಯ ಬಿಲ್ಲೆ ಇದೆ, ನೀನು ನೋಡಿದ್ದೀ. ಅದರ ವಿಷಯ ನಿನಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಎರಡನೆಯವಳಾಗಿ ಬಂದವಳಿಗೆ ಮೊದಲನೆಯವಳ ಹೆಸರಿನಲ್ಲಿ ಕಟ್ಟುವ ಸವತಿ ಬಿಲ್ಲೆ ಅದು. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಬೇಕು. ಸತ್ತವಳು ಉಟ್ಟಂತೆ ಲೆಕ್ಕ. ಆಮೇಲೆ ಇವಳು ಉಡಬೇಕು. ಈ ಮನೆಯ ಹಿರಿಯರಿಂದ ಬಂದ ಪದ್ಧತಿ.

‘ತಾಳಿ ತಗದ್ರ ತಗಿ, ಬಿಲ್ಲಿ ಮಾತ್ರ ತಗೀಬ್ಯಾಡ’ ಎಂದರು ಅತ್ತೆ.

‘ಎರಡೂ ಕೊರಳಾಗ ಅದಾವಲ್ರಿ, ಅತ್ತಿ.’

‘ತಾಳಿ ನನ್ನ ಮಗಂದು. ಅವ ಎಲ್ಲಿ ಹೊಕ್ಕಾನ. ಬಿಲ್ಲಿ ಆಕೀದು, ರತ್ನವ್ವಂದು.’

‘ನಾನೂ ಹೊಕ್ಕೇನಿ ಬಿಡಬೇ, ಡ್ಯೂಟಿ ಐತಿ’ ಎಂದು ನಿನ್ನ ಅಪ್ಪ ಶರ್ಟು ತೊಟ್ಟುಕೊಂಡು ನಡೆದೇಬಿಟ್ಟರು. ರತ್ನವ್ವನ ಹೆಸರು ಬಂದಾಗಲೆಲ್ಲ ಅವರಿಗೆ ಡ್ಯೂಟಿ ಇರುತ್ತದೆ.

ಬಿಲ್ಲೆಯನ್ನು ಆಸ್ಪತ್ರೆಯ ಮೇಜಿನ ಖಾನೆಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಯಾರ ಕೈಗೆ ಕೊಡಬೇಕು ಎಂದು ಯೋಚಿಸಿದರೆ ನೀನೊಬ್ಬಳೇ ಕಾಣುತ್ತೀ. ಬರುತ್ತೀಯಾ?

ಕರುಣಾ


ಸಪ್ತಾಪುರ
೧೩ ಅಕ್ಟೋಬರ್ ೨೦೨೪

ಚಿಗವ್ವಗೆ,

ಗಂಟಿನ ವಿಷಯ ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ‘ದೊಡ್ಡದೇನಲ್ಲವಾ, ಒಂದ ನಟ್ಟ ತಗದು ಬ್ಯಾರೆ ಹಾಕಿದಂಗ’ ಎಂದರು. ದನಿ ಹಾಗಿರಲಿಲ್ಲ. ನಿಮಗೆ ಫೋನ್ ಮಾಡಿದರೆ ‘ಊಟ ಆಯಿತೇ’ ಎಂದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕಾರಣ ಕೇಳುವುದಿಲ್ಲ ಎಂದಿರಿ. ನಾನೇ ಹೇಳುತ್ತೇನೆ.

ಬಿಲ್ಲೆಯ ವಿಷಯ ನನಗೆ ಗೊತ್ತಿತ್ತು, ಆದರೆ ಬೇರೆ ರೀತಿಯಲ್ಲಿ. ನೀವು ಬಂದ ವರ್ಷ ಪಕ್ಕದ ಮನೆಯ ಗೀತಾಂಜಲಿಯ ಜೊತೆ ಒಂದು ಸಿನಿಮಾ ನೋಡಿದ್ದೆ. ಅದರಲ್ಲಿ ಮಂತ್ರದವನು ಸತ್ತ ಹೆಂಗಸೊಬ್ಬಳನ್ನು ತಾಯಿತದೊಳಗೆ ಕಟ್ಟಿ ಇನ್ನೊಬ್ಬಳ ಕೊರಳಿಗೆ ಹಾಕುತ್ತಾನೆ. ತಾಯಿತ ಬಿಚ್ಚುವ ತನಕ ಸತ್ತವಳು ಮನೆಗೆ ಬರುವಂತಿಲ್ಲ. ಸಿನಿಮಾ ಮುಗಿಸಿ ಬಂದು ನಿಮ್ಮ ಕೊರಳು ನೋಡಿದೆ. ಅಜ್ಜಿಯ ಹತ್ತಿರ ಹೋಗಿ, ‘ಅಜ್ಜಿ, ಚಿಗವ್ವನ ಬಿಲ್ಲ್ಯಾಗ ಯಾರ ಅದಾರ?’ ಎಂದೆ. ಅಜ್ಜಿ ತಲೆ ಸಹ ಎತ್ತಲಿಲ್ಲ. ‘ನಿಮ್ಮವ್ವ’ ಎಂದಳು.

ಅಷ್ಟು ಸಾಕಾಯಿತು. ಅವ್ವ ಯಾಕೆ ಬರುತ್ತಿಲ್ಲ ಎಂಬುದಕ್ಕೆ ಕಾರಣ ಸಿಕ್ಕಿತು. ನೀವು ಜಡೆ ಹಾಕಲು ಬಾಗಿದಾಗ ಬಿಲ್ಲೆ ನನ್ನ ಬೆನ್ನಿಗೆ ತಾಗುತ್ತಿತ್ತು. ಕತ್ತು ಬಿಗಿಹಿಡಿಯುತ್ತಿದ್ದದ್ದು ಅದಕ್ಕೆ. ಅವ್ವ ಅಷ್ಟು ಹತ್ತಿರ ಇದ್ದಾಳೆ, ಅಲುಗಾಡಿದರೆ ಎಲ್ಲಿ ದೂರ ಹೋಗುತ್ತಾಳೋ ಎಂದು. ಜಡೆ ಮುಗಿದರೆ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು.

ದೊಡ್ಡವಳಾದ ಮೇಲೆ ಅದೆಲ್ಲ ಹೋಯಿತು ಎಂದುಕೊಂಡಿದ್ದೆ. ಕಳೆದ ದೀಪಾವಳಿಯ ಬೆಳಿಗ್ಗೆ ನೀವು ಒಳಕೋಣೆಯಲ್ಲಿ ಹೊಸ ಸೀರೆಯನ್ನು ಬಿಲ್ಲೆಗೆ ಮುಟ್ಟಿಸಿ, ‘ರತ್ನವ್ವ, ನೀ ಮೊದಲ ಉಟಗೋ’ ಎಂದಿರಿ. ನಾನು ಬಾಗಿಲಲ್ಲಿದ್ದೆ. ಇಪ್ಪತ್ತೆರಡು ವರ್ಷದವಳು, ದೆವ್ವ ಇಲ್ಲವೆಂದು ವಾರವಾರ ಬರೆಯುವವಳು. ಆದರೂ ಸೆರೆಯಲ್ಲಿದ್ದವರಿಗೆ ಹಬ್ಬಕ್ಕೆ ಬಟ್ಟೆ ಕೊಡುವುದನ್ನು ಕಂಡಂತಾಯಿತು. ಅಲ್ಲಿ ನಿಲ್ಲಲಾಗಲಿಲ್ಲ. ಪರೀಕ್ಷೆ ಎಂದು ಸುಳ್ಳು ಹೇಳಿ ಚೀಲ ತುಂಬಿಕೊಂಡು ಹೊರಟೆ. ಆಮೇಲೆ ಕಾರಣ ಹೇಳಲು ನಾಚಿಕೆ, ಹೇಳದೆ ಬರಲು ನಾಚಿಕೆ.

ಬಿಲ್ಲೆ ತೆಗೆದುಕೊಳ್ಳುತ್ತೀಯಾ ಎಂದಿದ್ದೀರಿ. ಹತ್ತು ವರ್ಷದವಳಿದ್ದಾಗ ಕೇಳಿದ್ದರೆ ಕಸಿದುಕೊಂಡು ಓಡುತ್ತಿದ್ದೆ. ಈಗ ಒಂದು ಕೇಳಬೇಕು. ನಿಮ್ಮ ತವರಿನಲ್ಲಿ ಇಂಥದ್ದು ಇಲ್ಲ. ನೀವು ನಂಬುವವರೂ ಅಲ್ಲ. ಮತ್ತೆ ಯಾಕೆ ಕಟ್ಟಿಕೊಂಡಿರಿ?

ಮಯೂರಿ


ಅಮರಗೋಳ
೨೦ ಅಕ್ಟೋಬರ್ ೨೦೨೪

ಮಯೂರಿಗೆ,

ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ಉಳಿದದ್ದನ್ನು ಬರೆಯಲು ಹೋದರೆ ಈ ಪತ್ರವೂ ಹರಿಯಬೇಕಾಗುತ್ತದೆ.

ಮದುವೆ ನಮ್ಮ ಪದ್ಧತಿಯಂತೆ ಬುದ್ಧ ವಿಹಾರದಲ್ಲಿ ಸರಳವಾಗಿ ಆಯಿತು. ಮನೆತುಂಬಿಸಿಕೊಳ್ಳಲು ಇಲ್ಲಿಗೆ ಬಂದಾಗ ಅತ್ತೆ ತಟ್ಟೆಯಲ್ಲಿ ಬಿಲ್ಲೆ ತಂದರು. ನನ್ನ ಅಪ್ಪ ಗೋವಿಂದಪ್ಪ ಮಾಸ್ತರು, ನಿನಗೆ ನೆನಪಿರಬಹುದು, ಮೆಲ್ಲಗೆ ಮಾತಾಡುವವರು. ‘ಕರುಣಾ, ಇದನ್ನ ಕಟ್ಟಗೋಬ್ಯಾಡವಾ. ಸತ್ತವರನ್ನ ಹಿಂಗ ಕೊರಳಿಗೆ ಕಟ್ಟೂದು ನಮ್ಮ ಮನ್ಯಾಗಿಲ್ಲ’ ಎಂದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಬೇಡ ಎನ್ನಲು ಬಾಯಿ ತೆರೆದಿದ್ದೆ.

ಎದುರಿನ ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದರ ಕೆಳಗೆ ಸುಣ್ಣ ಬೆಳ್ಳಗೆ ಉಳಿದ ಒಂದು ಚೌಕ. ಹೊಸ ಸೊಸೆಗೆ ಬೇಸರವಾಗದಿರಲಿ ಎಂದು ಯಾರೋ ಅವತ್ತು ಬೆಳಿಗ್ಗೆ ಅಲ್ಲಿದ್ದ ರತ್ನವ್ವನ ಫೋಟೋ ಇಳಿಸಿದ್ದರು. ಒಂದು ಹುಡುಗಿ ಹೊಸ ಲಂಗ ತೊಟ್ಟು ಆ ಚೌಕದ ಕೆಳಗೆ ನಿಂತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ಮೊಳೆಯನ್ನು ನೋಡುತ್ತಿದ್ದಳು.

ಫೋಟೋ ಹೋಯಿತು. ಬಿಲ್ಲೆಯನ್ನೂ ನಾನು ಬೇಡವೆಂದರೆ ಈ ಮನೆಯಲ್ಲಿ ಆ ಹುಡುಗಿಯ ತಾಯಿ ಇದ್ದಳು ಎನ್ನಲು ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಕೊರಳು ಮುಂದೆ ಮಾಡಿದೆ. ನನ್ನ ಅಪ್ಪ ಊಟ ಮಾಡದೆ ಹೋದರು. ಅವರಿಗೆ ಕಾರಣ ಹೇಳಲಿಲ್ಲ. ನಿನಗೆ ಕಾಣಲಿ ಎಂದು ಕಟ್ಟಿಕೊಂಡದ್ದು, ನಿನಗೂ ಹೇಳಲಿಲ್ಲ. ಫೋಟೋ ಮತ್ತೆ ಹಾಕೋಣ ಎಂದು ನಿನ್ನ ಅಪ್ಪನನ್ನು ಕೇಳಿದಾಗ ‘ನೋಡೂಣು’ ಎಂದರು. ಅವರಿಂದ ಅದನ್ನು ನೋಡಲಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಸೀರೆಯ ವಿಷಯ. ಬಿಲ್ಲೆಗೆ ಬರೀ ಮುಟ್ಟಿಸಿದರೆ ಸಾಕು, ಮಾತಾಡಬೇಕೆಂದು ಪದ್ಧತಿಯಲ್ಲಿಲ್ಲ. ಮಾತು ನಾನೇ ಸೇರಿಸಿಕೊಂಡದ್ದು. ನಂಬಿಕೆಯಿಂದಲ್ಲ. ಹಬ್ಬಕ್ಕೊಮ್ಮೆ ನಿನ್ನ ಸುದ್ದಿಯನ್ನು ಯಾರಿಗಾದರೂ ಹೇಳಬೇಕು ಎನಿಸುತ್ತಿತ್ತು, ಕೇಳಲು ಹಕ್ಕಿದ್ದವಳು ಅವಳು. ಕೊನೆಯ ಹಾಲುಹಲ್ಲು ಬಿದ್ದದ್ದು, ಹತ್ತನೆಯ ತರಗತಿಯ ಫಲಿತಾಂಶ, ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡದ್ದು, ಎಲ್ಲ ಹೇಳಿದ್ದೇನೆ.

ಕಳೆದ ದೀಪಾವಳಿಯಲ್ಲಿ ನೀನು ಮೊದಲ ಸಾಲು ಕೇಳಿ ಹೋದೆ. ಎರಡನೆಯದು ಹೀಗಿತ್ತು: ‘ನಿನ್ನ ಮಗಳ ಹೆಸರ ಪೇಪರಿನ್ಯಾಗ ಬಂದೈತಿ.’

ಕರುಣಾ


ಸಪ್ತಾಪುರ
೩ ನವೆಂಬರ್ ೨೦೨೪

ಚಿಗವ್ವಗೆ,

ಈ ಸಲದ ದೀಪಾವಳಿಗೂ ನಾನು ಬರಲಿಲ್ಲ ಎಂದು ನೀವು ತಿಳಿದಿದ್ದೀರಿ. ಬಂದಿದ್ದೆ. ಚಿಗರಿ ಬಸ್ಸಿನಿಂದ ಮಾರುಕಟ್ಟೆಯ ಸ್ಟಾಪಿನಲ್ಲಿ ಇಳಿದರೆ ಗೇಟಿನ ಹತ್ತಿರ ನೀವು ಚೆಂಡುಹೂವಿನ ಚೌಕಾಸಿ ಮಾಡುತ್ತ ನಿಂತಿದ್ದಿರಿ. ಕೊರಳಿಗೆ ಸೆರಗು ಸುತ್ತಿಕೊಂಡಿದ್ದಿರಿ.

‘ಇಷ್ಟ ಬಾಡಿದ ಹೂವಿಗೆ ಈ ರೇಟ ಏನ್ರಿ, ಮಕಬೂಲಸಾಬ?’

‘ಹೂವು ಬಾಡಿಲ್ರಿ ಬಾಯಾರ. ನಿಮ್ಮ ಚಷ್ಮಾ ಬಾಡೈತಿ, ಅದನ್ನ ಬದಲ ಮಾಡ್ರಿ.’

ನನಗೆ ನಗು ಬಂತು. ಅದರ ಹಿಂದೆಯೇ ಬೇರೆಯದೂ ಬಂತು. ಮಕಬೂಲಸಾಬರ ಎದುರು ಅಳುವುದು ಬೇಡವೆಂದು ಮುಂದಿನ ಬಸ್ಸು ಹಿಡಿದು ತಿರುಗಿ ಬಂದೆ. ಋತುಜಾ, ‘ಹಬ್ಬದ ಊಟ ತರತೀ ಅಂತ ನಾ ಅಡಗಿನ ಮಾಡಿಲ್ಲ, ಮಾರಾಯ್ತಿ’ ಎಂದು ಬೈದಳು. ಇಬ್ಬರೂ ಅವಲಕ್ಕಿ ತಿಂದೆವು.

‘ತಡವಾದ ಬೆಳಕು’ ಮುಗಿಸಿದೆ. ಯುದ್ಧದ ಭಾಗ ನೀವು ಹೇಳಿದಷ್ಟು ಕೆಟ್ಟದಾಗಿಲ್ಲ. ಆದರೆ ಗುಮಾಸ್ತೆ ಖಾಲಿ ಕುರ್ಚಿಗಳಿಗೆ ಓದುವ ಅಧ್ಯಾಯವನ್ನು ಮೂರು ಸಲ ಓದಿದೆ. ಈ ಪುಸ್ತಕ ನನಗೆ ಯಾಕೆ ಕಳಿಸಿದಿರಿ ಎಂಬುದು ತಿಳಿಯಿತು ಎಂದುಕೊಂಡೆ. ಆಮೇಲೆ, ಕಳಿಸುವಾಗ ನಿಮಗೇ ತಿಳಿದಿರಲಿಲ್ಲ ಎನಿಸಿತು. ವಿಜ್ಞಾನ ಕಾದಂಬರಿಯಲ್ಲಿ ಕಾರಣ ಸಿಕ್ಕವರು ಅಳುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಅಭಿಪ್ರಾಯ ವಾಪಸು ತೆಗೆದುಕೊಂಡಿದ್ದೇನೆ.

ಹಾಲುಹಲ್ಲು ಬಿದ್ದದ್ದನ್ನೂ ಹೇಳಿದಿರಾ? ಅದು ನನಗೇ ನೆನಪಿಲ್ಲ.

ಬುಧವಾರ ಹದಿಮೂರಕ್ಕೆ ಸಂಜೆ ಬರುತ್ತೇನೆ. ನರ್ಸ್ ಕತ್ತರಿ ಹಾಕುವುದು ಬೇಡ. ಮನೆಯಲ್ಲಿಯೇ ದಾರದ ಗಂಟು ನಾನು ಬಿಚ್ಚುತ್ತೇನೆ. ನೀವು ಒಳಗಿರುವಷ್ಟು ಹೊತ್ತು ಬಿಲ್ಲೆ ನನ್ನ ಮುಷ್ಟಿಯಲ್ಲಿರುತ್ತದೆ. ಹೊಲಿಗೆ ಒಣಗಿದ ಮೇಲೆ ಮತ್ತೆ ಕಟ್ಟುವವಳೂ ನಾನೇ. ಅವ್ವ ಸೆರೆಯಲ್ಲಿರಲಿಲ್ಲ ಎಂದು ಈಗ ಗೊತ್ತಾಗಿದೆ. ಇಷ್ಟು ವರ್ಷ ನಿಮಗೆ ಬಂದ ಪ್ರತಿ ಹೊಸ ಸೀರೆಯನ್ನೂ ಅವಳು ನಿಮಗಿಂತ ಮೊದಲು ಉಟ್ಟಿದ್ದಾಳೆ. ಅದನ್ನು ನಿಲ್ಲಿಸುವವಳು ನಾನಾಗಬಾರದು.

ಮಯೂರಿ


ಅಮರಗೋಳ
೧೦ ನವೆಂಬರ್ ೨೦೨೪, ಭಾನುವಾರ

ಮಯೂರಿಗೆ,

ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಆಫೀಸಿಗೆ ಮೂರು ವಾರ ರಜೆ ಬರೆದುಕೊಟ್ಟಿದ್ದೇನೆ. ಆಸ್ಪತ್ರೆಗೆ ಒಯ್ಯಲು ಎರಡು ಪುಸ್ತಕ ತೆಗೆದಿಟ್ಟಿದ್ದೇನೆ. ಎರಡರಲ್ಲೂ ದೆವ್ವವಿಲ್ಲ, ಒಂದರಲ್ಲಿ ಯುದ್ಧವೂ ಇಲ್ಲ. ಭಯವಾಗುತ್ತದೆಯೇ ಎಂದು ನಿನ್ನ ಅಪ್ಪ ಕೇಳಿದರು. ಆಗುತ್ತದೆ ಎಂದೆ. ಅವರು ಡ್ಯೂಟಿಗೆ ಹೋಗಲಿಲ್ಲ, ಕೂತರು.

ಗಂಟು ಬಿಚ್ಚುವವಳು ನೀನು ಎಂಬುದಕ್ಕೆ ಒಪ್ಪಿಗೆ. ಮತ್ತೆ ಕಟ್ಟುವ ವಿಷಯ ವಾರವೆಲ್ಲ ಯೋಚಿಸಿದೆ. ಕಟ್ಟುವುದು ಬೇಡ. ನಿನಗೆ ಕಾಣಲಿ ಎಂದು ಕಟ್ಟಿಕೊಂಡದ್ದು. ನಿನಗೆ ಕಂಡಿತು. ಇನ್ನು ಅದು ನಿನ್ನ ಹತ್ತಿರ ಇರಲಿ. ಕೊರಳಿಗೆ ಬೇಡ, ಪೆಟ್ಟಿಗೆಯಲ್ಲೋ ಮೇಜಿನ ಮೇಲೋ, ನಿನಗೆ ತಿಳಿದಲ್ಲಿ ಇಡು. ನನ್ನ ಅಪ್ಪ ಇದ್ದಿದ್ದರೆ ಈಗ ಊಟಕ್ಕೆ ಕೂರುತ್ತಿದ್ದರು.

ಇದನ್ನು ನಿನ್ನೆ ಮಧ್ಯಾಹ್ನ ಅತ್ತೆಗೆ ಹೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ, ಆದರೆ ಪ್ರಶ್ನೆ ಹಾಕಿದರು. ಆಸ್ಪತ್ರೆಯಿಂದ ಬಂದ ಮೇಲೆ ಉಡಲಿ ಎಂದು ನಿನ್ನ ಅಪ್ಪ ಒಂದು ಹಸಿರು ಇಳಕಲ್ ತಂದಿದ್ದಾರೆ.

‘ಬಿಲ್ಲಿ ಇಲ್ದ ಹೊಸಾ ಸೀರಿ ಹೆಂಗ ಉಡತಿ?’

‘ಮೊದಲ ಮಯೂರಿ ಉಡ್ಲಿರಿ, ಅತ್ತಿ. ಒಂದ ದಿವಸ. ಆಮ್ಯಾಲೆ ನಾ ಉಡತೇನಿ. ಇನ್ನ ಮ್ಯಾಲೆ ಯಾವ ಸೀರಿ ಬಂದ್ರೂ ಹಂಗ.’

ಅತ್ತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿದರು.

‘ಮಗಳ ಉಟ್ರ ಅವ್ವ ಉಟ್ಟಂಗ ಆತು. ಅದಕ್ಕೇನ ಅಡ್ಡಿ ಇಲ್ಲ. ಆದ್ರ ಆ ಹುಡಿಗಿಗೆ ಸೀರಿ ಉಡಾಕ ಎಲ್ಲಿ ಬರತೈತಿ?’

‘ಬರೂದಿಲ್ರಿ.’

‘ಮತ್ತ?’

‘ನಾ ಉಡಸ್ತೇನಿ.’

ಹೀಗೆ ತೀರ್ಮಾನಿಸಿದ್ದೇನೆ. ಸೀರೆ ಕಪಾಟಿನಲ್ಲಿದೆ. ಇನ್ನೂ ಮಡಿಕೆ ಬಿಚ್ಚಿಲ್ಲ.

ಕರುಣಾ